ಸೊಂಟದ ಪಿಸ್ತೂಲಿಗೆ ಎಣ್ಣೆ ಎಷ್ಟು ದಿನಕ್ಕೊಮ್ಮೆ?

ನವರಾತ್ರಿಯ ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಕತ್ತಿ ಕುಡುಗೋಲುಗಳು ಮೊದಲ್ಗೊಂಡು ಈಳಿಗೆಮಣೆ, ಅಡಕೊತ್ತು, ಹೊಲಿಗೆಯ ಯಂತ್ರ, ಬೈಸಿಕಲ್ಲುಗಳವರೆಗೆ ಲೋಹದ ಸಾಮಾನೆಲ್ಲವೂ ಹೊರಕ್ಕೆ ಬಂದು, ತೊಳೆಸಿಕೊಂಡು, ಒರೆಸಿಕೊಂಡು, ಅರಿಸಿನ ಕುಂಕುಮಗಳನ್ನು ಧರಿಸಿ ಒಂದು ದಿನದ ವಿಶ್ರಾಂತಿಯನ್ನು ಪಡೆಯುತ್ತವೆ. ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಇದೇ ಬಗೆಯ ಸತ್ಕಾರ ನಡೆಯುತ್ತದೆ. ವರ್ಷಕ್ಕೊಮ್ಮೆ ಎಂಬ ಈ ವಾಯಿದೆ ಗೋಡೆಯ ಮೇಲೆ ತೂಗುಹಾಕಿದ ಆಯುಧಕ್ಕೆ ಸಾಲಬಹುದು. ಆದರೆ ಆಯುಧವು ಗೋಡೆಯನ್ನು ಬಿಟ್ಟು ಮನುಷ್ಯನ ಮೈಯನ್ನೇ ಮನೆಮಾಡಿಕೊಂಡರೆ? ಬೆಳಗಿನಿಂದ ರಾತ್ರಿಯವರೆಗೆ ಅಂಗಿಯ ಮರೆಯಲ್ಲಿ ಸೊಂಟಕ್ಕೆ ಒತ್ತಿಕೊಂಡು ಕುಳಿತಿರುವ ಪಿಸ್ತೂಲನ್ನು ಎಷ್ಟು ದಿನಕ್ಕೊಮ್ಮೆ ಬಿಚ್ಚಿ, ತೊಡೆದು, ಎಣ್ಣೆ ಹಾಕಬೇಕು? ಈ ಹೊತ್ತು ತಮ್ಮ ಮುಂದೆ ಇಡಲಿರುವುದು ಇದೊಂದೇ ಪ್ರಶ್ನೆ.

ಪ್ರಶ್ನೆ ನನ್ನದಲ್ಲ. ರಸಾಯನಶಾಸ್ತ್ರದ ತರಗತಿಯಲ್ಲಿ ನನ್ನ ಶಿಷ್ಯನಾಗಿದ್ದು, ಈಗ ಅಮೆರಿಕದ ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ಸಂಸಾರ ಹೂಡಿರುವ ಒಬ್ಬ ತರುಣನದು. ಓದಿದ ಶಾಸ್ತ್ರವನ್ನು ಮೂಲೆಗಿಟ್ಟು ಅಲ್ಲಿ ಅಂಗಡಿಯೊಂದನ್ನು ನಡೆಸುತ್ತಾನೆ. ರಾತ್ರಿ ಹೊತ್ತು ಮೀರಿದ ಮೇಲೆ ದಿನದ ಹಣವನ್ನು ತಾನೇ ಮನೆಗೆ ಕೊಂಡೊಯ್ಯುತ್ತಾನೆ. ಅವನು ಬರೆದ ಕಾಗದದ ಸಾರಾಂಶವಿದು: “ಮೇಷ್ಟ್ರೇ, ಪಿಸ್ತೂಲು ಕೊಂಡ ದಿನ ಕಂಡಕಂಡ ಸಂದಿಗೆಲ್ಲ ಚೆನ್ನಾಗಿ ಎಣ್ಣೆ ಬಿಟ್ಟೆ. ಒಂದು ಈಡನ್ನೂ ಹಾರಿಸದೆ ಇದ್ದುದರಿಂದ ಮತ್ತೆ ಬಿಚ್ಚಲಿಲ್ಲ. ಹನ್ನೊಂದು ತಿಂಗಳಾದ ಮೇಲೆ ಗುರಿಯ ಅಭ್ಯಾಸಕ್ಕೆಂದು ಮೈದಾನಕ್ಕೆ ಹೋಗಿ ಕುದುರೆಯನ್ನು ಎಳೆದರೆ ಟಿಕ್ಕೆಂದು ಸದ್ದಾಯಿತೇ ಹೊರತು ಈಡು ಹಾರಲಿಲ್ಲ. ಎರಡನೆಯ ಸಲವೂ ಅಷ್ಟೆ. ಹಾರಿಸದ ಪಿಸ್ತೂಲು ಕೊಳೆಯಾಗುವುದು ಹೇಗೆ?” ಹನ್ನೊಂದು ತಿಂಗಳ ಕಾಲ ಪ್ರತಿ ರಾತ್ರಿಯೂ ಆ ಹುಡುಗ ತನ್ನ ಪ್ರಾಣವನ್ನು ಯಾವುದರ ಭರವಸೆಗೆ ಒಪ್ಪಿಸಿ ನಡೆಯುತ್ತಿದ್ದನೋ ಅದು ಕೇವಲ ಒಂದು ಕಬ್ಬಿಣದ ತುಂಡಾಗಿತ್ತು. ಎಂದಿನಿಂದ ಹಾಗಾಯಿತೆಂಬುದನ್ನು ಈಗ ಯಾರೂ ಹೇಳಲಾರರು.

ನಮ್ಮ ದೇಶದಲ್ಲಿ ೧೯೫೯ರ ಆಯುಧಗಳ ಕಾನೂನಿನ ಮೇರೆಗೆ ಪಿಸ್ತೂಲಿನ ಲೈಸೆನ್ಸು ದೊರೆಯುವುದು ಕೆಲವರಿಗೆ ಮಾತ್ರ. ಅಮೆರಿಕದ ಸಂಗತಿ ಬೇರೆ. ಅಲ್ಲಿ ಪ್ರಾಪ್ತವಯಸ್ಕರಲ್ಲಿ ಸುಮಾರು ಮೂವರಿಗೆ ಒಬ್ಬರ ಬಳಿ ಬಂದೂಕು ಇದೆ. ಬಟ್ಟೆಯ ಮರೆಯಲ್ಲಿ ಪಿಸ್ತೂಲನ್ನು ಧರಿಸಿ ಓಡಾಡಲು ಬಹುಕಾಲ ಅಡ್ಡಿಮಾಡುತ್ತಿದ್ದ ಇಲಿನಾಯ್ ಸಂಸ್ಥಾನವೂ ೨೦೧೩ರಲ್ಲಿ ಬಾಗಿತು; ಟೆಕ್ಸಸ್ ೨೦೨೧ರ ಸೆಪ್ಟೆಂಬರಿನಿಂದ ರಹದಾರಿಯ ಆವಶ್ಯಕತೆಯನ್ನೇ ತೆಗೆದುಹಾಕಿತು; ೨೦೨೨ರ ಜೂನ್ ತಿಂಗಳಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ನ್ಯೂಯಾರ್ಕಿನ ಮೊಕದ್ದಮೆಯೊಂದರಲ್ಲಿ, ಮನೆಯ ಹೊರಗೆ ಆತ್ಮರಕ್ಷಣೆಗಾಗಿ ಪಿಸ್ತೂಲು ಧರಿಸುವುದು ಪ್ರಜೆಯ ಹಕ್ಕೆಂದು ತೀರ್ಪು ಕೊಟ್ಟಿತು. ಈ ಪದ್ಧತಿಯ ಸಾಧಕಬಾಧಕಗಳು ಬೇರೊಂದು ಭಾಷಣಕ್ಕೆ ಸಲ್ಲತಕ್ಕವು. ಅಂಗಡಿಯಿಂದ ಮನೆಗೆ ಹೋಗುವುದಕ್ಕೆ ಪಿಸ್ತೂಲು ಬೇಕೆನಿಸುವ ಊರು ನನಗಂತೂ ಅಸೂಯೆಪಡತಕ್ಕ ಊರಾಗಿ ಕಾಣುವುದಿಲ್ಲ. ಆದರೂ ಧರಿಸುವವನು ಧರಿಸಿಯೇ ಇರುವಾಗ, ಅದನ್ನು ಕೆಟ್ಟುಹೋಗಲು ಬಿಟ್ಟು ಧರಿಸುವುದರಿಂದ ಯಾರಿಗೆ ಏನು ಲಾಭ?

ಶಿಷ್ಯನ ತಪ್ಪೆಣಿಕೆಗೆ ಒಂದು ಹಳೆಯ ನಿಯಮವೇ ಮೂಲ. ಈಡು ಹಾರಿಸಿದ ದಿನವೇ ನಳಿಗೆಯನ್ನು ತೊಳೆಯತಕ್ಕದ್ದೆಂದು ಬೇಟೆಗಾರರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಅದಕ್ಕೆ ಕಾರಣವಿತ್ತು. ಹಳೆಯ ಕರಿಮದ್ದಿನಲ್ಲಿ ನೂರು ಭಾಗಕ್ಕೆ ಸುಮಾರು ೭೫ ಪೆಟ್ಲುಪ್ಪು, ೧೫ ಇದ್ದಲು, ೧೦ ಗಂಧಕ. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಕಾಣುವುದೂ ಇದೇ, ನಳಿಗೆಯೊಳಗೆ ಮಸಿಯಾಗಿ ಮೆತ್ತುವುದೂ ಇದೇ. ಆ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿ, ಬೆಳಗಾಗುವುದರೊಳಗೆ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಈ ಪೀಡೆ ಬಹುಮಟ್ಟಿಗೆ ತೊಲಗಬೇಕಾಗಿತ್ತು, ತೊಲಗಲಿಲ್ಲ. ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟು ಇರುತ್ತಿತ್ತು. ಅದು ಸಿಡಿದು ಉಳಿಸುವುದು ಪೊಟ್ಯಾಸಿಯಂ ಕ್ಲೋರೈಡು, ಎಂದರೆ ನಮ್ಮ ಅಡಿಗೆಯ ಉಪ್ಪಿನ ಸೋದರ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದಕಾರಣ ಎಣ್ಣೆಬಟ್ಟೆಯಿಂದ ಎಷ್ಟು ತಿಕ್ಕಿದರೂ ತುಕ್ಕು ಹಿಡಿಯುತ್ತಿದ್ದ ನಳಿಗೆಯೊಳಕ್ಕೆ ಸಿಪಾಯಿಗಳು ಮೊದಲು ಬಿಸಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ಕೇಪಿನಲ್ಲಿ ಸೀಸದ ಸ್ಟಿಫ್ನೇಟು ಬಂದ ಮೇಲೆ ಉಪ್ಪಿನ ಕಾಟವೂ ನಿಂತಿತು. ಈ ಕಾಲದ ಅಂಗಡಿಯ ತೋಟಾಗಳಲ್ಲಿ ಬಹುತೇಕ ಅಂಥವೇ.

ಈಡು ಉಳಿಸುವ ಕೊಳೆಯ ಕ್ರೌರ್ಯ ಇಳಿದುಹೋದುದನ್ನು ಕಂಡ ಜನ, ಇನ್ನು ತೊಡೆಯುವ ಗೊಡವೆಯೇ ಬೇಡವೆಂಬ ತೀರ್ಮಾನಕ್ಕೆ ಬರುವುದುಂಟು. ಬಿಡಿಜನರೇ ಏಕೆ, ಒಂದು ದೊಡ್ಡ ಸೈನ್ಯವೇ ಹಾಗೆ ಬಂದಿತ್ತು. ೧೯೬೦ರ ದಶಕದ ನಡುವೆ ಅಮೆರಿಕದ ಸೈನ್ಯವು ವಿಯಟ್ನಾಮಿನ ಯುದ್ಧಕ್ಕೆ ಎಂ-೧೬ ಎಂಬ ಹೊಸ ಬಂದೂಕನ್ನು ಕಳುಹಿಸಿತು. ಇದನ್ನು ಹೆಚ್ಚಾಗಿ ತೊಡೆಯಬೇಕಾದುದಿಲ್ಲವೆಂಬ ನಂಬಿಕೆ ಅದರ ಜೊತೆಯಲ್ಲಿಯೇ ಹಬ್ಬಿತು. ಬಂದೂಕುಗಳು ಹೋದವು, ತೊಡೆಯುವ ಗಜ, ಕುಂಚ, ಎಣ್ಣೆಗಳು ಸಾಕಷ್ಟು ಹೋಗಲಿಲ್ಲ. ಇದರ ಮೇಲೆ ತೋಟಾದ ಮದ್ದನ್ನು ಬೇರೊಂದು ಬಗೆಗೆ ಬದಲಾಯಿಸಿದ್ದರು. ತೋಟಾ ಕೂರುವ ಗೂಡಿಗೆ ಕ್ರೋಮಿಯಂ ಲೇಪವೂ ಇರಲಿಲ್ಲ. ಆ ಕಾಡುಗಳ ಬೆವರು, ಮಳೆ, ಕೆಸರುಗಳಲ್ಲಿ ಗೂಡಿನ ಗೋಡೆ ತುಕ್ಕಿನಿಂದ ಕುಳಿಬಿದ್ದು, ಹಾರಿದ ತೋಟಾದ ಹಿತ್ತಾಳೆಯ ಕವಚ ಅಲ್ಲಿಯೇ ಕಚ್ಚಿಕೊಳ್ಳುತ್ತಿತ್ತು. ಬಿಚ್ಚಿದ ಬಂದೂಕನ್ನು ಕೈಯಲ್ಲಿ ಹಿಡಿದು ಸರಿಪಡಿಸುತ್ತಿದ್ದಂತೆಯೇ ಮಡಿದ ಸಿಪಾಯಿಗಳ ವೃತ್ತಾಂತಗಳು ಊರಿಗೆ ಮುಟ್ಟಿ ದೊಡ್ಡ ಕೋಲಾಹಲವಾಯಿತು. ೧೯೬೭ರಲ್ಲಿ ಅಲ್ಲಿಯ ಪ್ರಜಾಪ್ರತಿನಿಧಿ ಸಭೆಯ ಉಪಸಮಿತಿಯೊಂದು ರಿಚರ್ಡ್ ಐಕಾರ್ಡ್ ಎಂಬವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಸಿತು. ಆಮೇಲೆ ಗೂಡಿಗೆ ಕ್ರೋಮಿಯಂ ಬಂತು, ತೊಡೆಯುವ ಸಾಮಗ್ರಿ ಬಂತು. ಸಿಪಾಯಿಗಳು ಸರ್ಕಾರೀ ಭಾಷೆಯ ಕೈಪಿಡಿಯನ್ನು ಓದುವುದಿಲ್ಲವೆಂದು ತಿಳಿದು, ವಿಲ್ ಐಸ್ನರ್ ಎಂಬ ಹೆಸರಾಂತ ಚಿತ್ರಗಾರನಿಂದ ಮಕ್ಕಳ ಚಿತ್ರಕಥೆಯ ಮಾದರಿಯಲ್ಲಿ ಒಂದು ಪುಸ್ತಿಕೆಯನ್ನೂ ಬರೆಯಿಸಿದರು. ನಮ್ಮ ಪಠ್ಯಪುಸ್ತಕ ಸಮಿತಿಗಳು ಗಮನಿಸಬಹುದಾದ ಉಪಾಯ.

ಈಗ ಸೊಂಟದ ಪಿಸ್ತೂಲಿಗೆ ಬರೋಣ. ಅದಕ್ಕೆ ಶತ್ರು ಮದ್ದಲ್ಲ, ಧರಿಸಿದವನ ಮೈ. ಬೆವರು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಆದರೂ ಒಂದು ಲೀಟರಿನಲ್ಲಿ ಒಂದರಿಂದ ನಾಲ್ಕೈದು ಗ್ರಾಂ ಉಪ್ಪು, ಜೊತೆಗೆ ಅಲ್ಪಸ್ವಲ್ಪ ಲ್ಯಾಕ್ಟಿಕ್ ಆಮ್ಲ ಇರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಗಾಳಿಯ ತೇವಾಂಶ ನೂರಕ್ಕೆ ೭೫ನ್ನು ಮುಟ್ಟಿತೆಂದರೆ ಆ ಒಣ ಉಪ್ಪು ತಾನಾಗಿಯೇ ನೀರನ್ನು ಸೆಳೆದು ಮತ್ತೆ ಹಸಿಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಮರಿಗೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯೂಸ್ಟನ್ ಕಡಲ ಕೊಲ್ಲಿಗೆ ಹತ್ತಿರದ ಊರು. ಬೇಸಗೆಯ ಬೆಳಗಿನಲ್ಲಿ ಅಲ್ಲಿಯ ಗಾಳಿ ಮಂಗಳೂರಿನ ಗಾಳಿಯಂತೆಯೇ ಮೈಗೆ ಅಂಟುತ್ತದೆ. ಹೀಗೆ ಹಗಲು ರಾತ್ರಿ ಉಪ್ಪುನೀರಿನ ತೆಳುಪೊರೆಯನ್ನು ಹೊದ್ದಿರುವ ಉಕ್ಕಿಗೆ ತುಕ್ಕು ಹಿಡಿಯಲು ತಿಂಗಳು ಬೇಡ, ಕೆಲವು ದಿನವೇ ಸಾಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಬಾಗಿಲ ತಿರುಗಣಿಯಲ್ಲಿ ಇದರಿಂದ ಆಗುವುದು ಕಿರ್ರೆನ್ನುವ ಸದ್ದು. ಕೂದಲೆಳೆಯ ಅಳತೆಯಲ್ಲಿ ಹೊಂದಿಸಿದ ಪಿಸ್ತೂಲಿನ ಭಾಗಗಳು ಒಂದಕ್ಕೊಂದು ಹಿಡಿದುಕೊಂಡೇಬಿಡುತ್ತವೆ.

ಕಳಂಕರಹಿತ ಉಕ್ಕಿನದಾದರೆ ಭಯವಿಲ್ಲವಲ್ಲ ಎಂದು ಕೇಳುವವರಿಗೆ ಒಂದು ಮಾತು. ಅಂಥ ಉಕ್ಕಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದು ಮೇಲೊಂದು ರಕ್ಷಣೆಯ ಪೊರೆ ಕಟ್ಟುತ್ತದೆ, ನಿಜ. ಆದರೆ ಉಪ್ಪಿನ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ತೂತುಮಾಡಿ ಸಣ್ಣ ಕುಳಿಗಳನ್ನು ತೋಡಬಲ್ಲುದು. ಹಳೆಯ ಪಿಸ್ತೂಲುಗಳ ಅಂದವಾದ ನೀಲಿಗಪ್ಪು ಬಣ್ಣವಂತೂ ಕಬ್ಬಿಣದ ಒಂದು ಆಕ್ಸೈಡೇ. ತುಕ್ಕನ್ನು ತಡೆಯಲು ಸಾಕಿಕೊಂಡ ತುಕ್ಕಿನ ಜ್ಞಾತಿ. ಎಣ್ಣೆಯಿಲ್ಲದೆ ಅದು ಹೆಚ್ಚು ದಿನ ಕಾಯಲಾರದು. ೧೯೮೨ರಲ್ಲಿ ಆಸ್ಟ್ರಿಯದ ಸೈನ್ಯವು ಆರಿಸಿಕೊಂಡ ಗ್ಲಾಕ್ ಪಿಸ್ತೂಲಿನಂಥವುಗಳಲ್ಲಿ ಹಿಡಿಯ ಭಾಗ ಪ್ಲಾಸ್ಟಿಕಿನದಾದ್ದರಿಂದ ಅಷ್ಟರಮಟ್ಟಿಗೆ ನೆಮ್ಮದಿ. ಒಳಗಿನ ಸ್ಪ್ರಿಂಗು, ಸೂಜಿ, ಕೊಂಡಿಗಳು ಅಲ್ಲಿಯೂ ಉಕ್ಕಿನವೇ.

ಒರೆಯ ವಿಚಾರವನ್ನೂ ಹೇಳಬೇಕು. ತೊಗಲು ಬೆವರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಹದಮಾಡುವಾಗ ಸೇರಿದ ಆಮ್ಲಗಳೂ ಅದರಲ್ಲಿ ಉಳಿದಿರಬಹುದು. ತೊಗಲಿನ ಪಟ್ಟಿಯಲ್ಲಿ ಬಹುದಿನವಿಟ್ಟ ಹಿತ್ತಾಳೆಯ ತೋಟಾಗಳಿಗೆ ಹಸಿರು ಕಿಲುಬು ಬರುವುದು ಇದರಿಂದಲೇ. ಆದುದರಿಂದ ಧರಿಸುವಾಗ ಒರೆ ಯಾವುದೇ ಇರಲಿ, ರಾತ್ರಿ ತೆಗೆದಿಡುವಾಗ ತೊಗಲಿನ ಒರೆಯೊಳಗೆ ಬಿಡಬಾರದು. ಬೀಗದ ಪೆಟ್ಟಿಗೆಯೊಳಗಿಡಬೇಕು, ಮಕ್ಕಳಿರುವ ಮನೆಯಲ್ಲಿ ಇದಕ್ಕೆ ತುಕ್ಕಿಗಿಂತ ದೊಡ್ಡ ಕಾರಣವಿದೆ. ಇನ್ನು ಬಟ್ಟೆ. ಅಂಗಿಯೂ ಒಳ‌ಉಡುಪೂ ಪಿಸ್ತೂಲಿಗೆ ದಿನವಿಡೀ ಉಜ್ಜಿ ನವಿರಾದ ನೂಲಿನ ಧೂಳನ್ನು ಉದುರಿಸುತ್ತಿರುತ್ತವೆ. ಅದು ನಳಿಗೆಯ ಬಾಯಲ್ಲಿ, ಕುದುರೆಯ ಹಿಂದೆ, ತೋಟಾಪೆಟ್ಟಿಗೆಯ ತುಟಿಯಲ್ಲಿ, ಗುರಿಗುಬ್ಬಿಯ ಸುತ್ತ ಬಂದು ಕೂರುತ್ತದೆ. ಒಣ ನೂಲು ಕೆಡುಕು ಮಾಡುವುದು ಕಡಮೆ. ಎಣ್ಣೆಯಲ್ಲಿ ನೆನೆದ ನೂಲು, ದೀಪದ ಸೊಡರಿನ ಅಡಿಯಲ್ಲಿ ಕಟ್ಟುವ ಜಿಡ್ಡಿನಂತೆ, ಒಂದು ಮುದ್ದೆಯಾಗುತ್ತದೆ.

ನನ್ನ ಶಿಷ್ಯನಿಗೆ ಕೈಕೊಟ್ಟದ್ದು ಈ ಮುದ್ದೆಯೇ. ಕುದುರೆಯನ್ನು ಎಳೆದಾಗ ಪಿಸ್ತೂಲಿನ ಹಿಂಭಾಗದ ಕಿರಿದಾದ ಕೊಳವೆಯೊಂದರಲ್ಲಿ ಉಕ್ಕಿನ ಸೂಜಿ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಚಿಮ್ಮಿ ತೋಟಾದ ಕೇಪನ್ನು ಕುಟ್ಟಬೇಕು. ಪೆಟ್ಟು ಬಲವಾಗಿ ಬಿದ್ದರೆ ಕೇಪು ಸಿಡಿಯುತ್ತದೆ. ಸೋತು ಬಿದ್ದರೆ ಕೇಪಿನ ಮೇಲೆ ಒಂದು ಸಣ್ಣ ಚುಕ್ಕೆ ಮಾತ್ರ ಮೂಡುತ್ತದೆ. ಆ ಕೊಳವೆ ಒಣಗಿರಬೇಕೆಂಬುದೇ ನಿಯಮ. ಆತನು ಭಕ್ತಿಯಿಂದ ಅದರೊಳಕ್ಕೂ ಎಣ್ಣೆ ಬಿಟ್ಟಿದ್ದ. ಹನ್ನೊಂದು ತಿಂಗಳಲ್ಲಿ ಎಣ್ಣೆ ಗಟ್ಟಿಯಾಗಿ, ಅಂಗಿಯ ನವಿರನ್ನೆಲ್ಲ ಹಿಡಿದು, ಸೂಜಿಯ ದಾರಿಯಲ್ಲಿ ಅಂಟಿನಂತೆ ನಿಂತಿತ್ತು. ಅಲ್ಲಿಯ ಕೋವಿಯ ಕಮ್ಮಾರನು ಬಿಚ್ಚಿ ತೋರಿಸಿದಾಗ ಮುದ್ದೆ ನೀಲಿಯ ಬಣ್ಣದ್ದಾಗಿತ್ತಂತೆ. ಇವನ ಅಂಗಡಿಯ ಅಂಗಿಯೂ ನೀಲಿಯದೇ. ಹೀಗೆ ಪಿಸ್ತೂಲು ಕೆಟ್ಟದ್ದು ಎಣ್ಣೆಯಿಲ್ಲದೆ ಅಲ್ಲ, ಎಣ್ಣೆ ಇರಬಾರದಲ್ಲಿ ಇದ್ದುದರಿಂದ. ಅದೇ ಸಮಯದಲ್ಲಿ ಎಣ್ಣೆ ಇರಬೇಕಾದಲ್ಲಿ ಅದು ಇರಲಿಲ್ಲ! ಏಕೆಂದರೆ ಎಣ್ಣೆ ಹಾಕಿದಲ್ಲಿ ನಿಲ್ಲುವ ವಸ್ತುವಲ್ಲ. ಮೈಯ ಕಾವಿಗೆ ತೆಳುವಾಗಿ ಕೆಳಕ್ಕೆ ಇಳಿಯುತ್ತದೆ, ಸಂದಿಗಳಲ್ಲಿ ಹರಿಯುತ್ತದೆ, ಒರೆಗೂ ಬಟ್ಟೆಗೂ ಹತ್ತುತ್ತದೆ, ಉಳಿದ ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ.

ಹಾಗಾದರೆ ಎಲ್ಲಿ ಹಾಕಬೇಕು? ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಈಡಿನ ಹಿಮ್ಮೊಗದ ಬಲದಿಂದ ಮೇಲಣ ಉಕ್ಕಿನ ಕವಚ, ಇದನ್ನು ಸ್ಲೈಡೆನ್ನುತ್ತಾರೆ, ಹಿಂದಕ್ಕೆ ಜಾರಿ, ಹಾರಿದ ತೋಟಾದ ಬರಿಗವಚವನ್ನು ಹೊರಕ್ಕೆಸೆದು, ಸ್ಪ್ರಿಂಗಿನ ಒತ್ತಡದಿಂದ ಮುಂದಕ್ಕೆ ಬರುತ್ತ ಹೊಸ ತೋಟಾವನ್ನು ಗೂಡಿಗೆ ತಳ್ಳುತ್ತದೆ. ಇಷ್ಟೂ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಮೆ ಕಾಲದಲ್ಲಿ ಮುಗಿಯುತ್ತದೆ. ಸ್ಲೈಡು ಜಾರುವ ಕಂಬಿಗಳು, ನಳಿಗೆಯ ಹೊರಮೈ ಉಜ್ಜುವ ಜಾಗ, ಕುದುರೆಯ ಸರಳು ಕೊಂಡಿಯನ್ನು ಮುಟ್ಟುವ ಮೂಲೆ, ಇಲ್ಲಿ ಒಂದೊಂದು ಹನಿ. ಉಜ್ಜಿ ಹೊಳಪಾದ ಗುರುತುಗಳು ಎಲ್ಲಿ ಕಾಣುತ್ತವೆಯೋ ಅಲ್ಲಿಗೆ ಎಣ್ಣೆ. ಉಳಿದ ಹೊರಮೈಗೆ, ಎಣ್ಣೆ ಮುಟ್ಟಿತೋ ಇಲ್ಲವೋ ಎನ್ನುವಷ್ಟು ಬಟ್ಟೆಯಿಂದ ಸವರಿದರೆ ಸಾಕು. ಸೂಜಿಯ ಕೊಳವೆ, ತೋಟಾಪೆಟ್ಟಿಗೆಯ ಒಳಗು, ತೋಟಾಗಳು ಒಣಗಿಯೇ ಇರತಕ್ಕದ್ದು. ತೆಳುವಾದ ಎಣ್ಣೆ ಕೇಪಿನೊಳಕ್ಕೆ ನುಗ್ಗಿ ಅದನ್ನು ನಿಸ್ಸತ್ವಮಾಡುವುದುಂಟು. ನಳಿಗೆಯೊಳಗೂ ಎಣ್ಣೆಯ ಕುರುಹಷ್ಟೇ ಉಳಿಯುವಂತೆ ಕೊನೆಗೊಂದು ಒಣಬಟ್ಟೆಯನ್ನು ಎಳೆಯಬೇಕು.

ಯಾವ ಎಣ್ಣೆ ಎಂಬುದಕ್ಕೆ ಅಲ್ಲಿಯ ಅಂಗಡಿಗಳಲ್ಲಿ ಲೆಕ್ಕವಿಲ್ಲದಷ್ಟು ಉತ್ತರಗಳಿವೆ. ಶುದ್ಧವಾದ ಖನಿಜತೈಲ ಅಥವಾ ಕೃತಕತೈಲ ಯಾವುದಾದರೂ ನಡೆಯುತ್ತದೆ. ನಡೆಯದುದು ನಮ್ಮ ಅಡಿಗೆಮನೆಯದು. ತೆಂಗಿನೆಣ್ಣೆ ೨೪-೨೫ ಡಿಗ್ರಿ ಸೆಲ್ಸಿಯಸಿನ ಕೆಳಗೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಎಳ್ಳೆಣ್ಣೆ ಕಡಲೆಕಾಯೆಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ ಅಂಟಾಗುತ್ತವೆ. ಬಾಣಲೆಯ ಹೊರಮೈಯಲ್ಲಿ ಕಟ್ಟಿ ಉಗುರಿಗೂ ಬಾರದ ಆ ಕಂದುಪೊರೆ ಇದೇ. ೧೯೫೩ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಬ್ಲ್ಯೂ ಡಿ-೪೦ ಎಂಬ ಸಿಂಪಡಿಕೆಯ ದ್ರವವನ್ನು ಬಹಳ ಜನ ಎಲ್ಲಕ್ಕೂ ಬಳಸುತ್ತಾರೆ. ಹೆಸರೇ ಹೇಳುವಂತೆ ಅದು ನೀರನ್ನು ಹೊರದೂಡಲು ಮಾಡಿದ್ದು, ಬಹುಕಾಲ ನಿಲ್ಲುವ ಜಾರೆಣ್ಣೆಯಾಗಿ ಅಲ್ಲ. ಉತ್ತರದ ಮಿನ್ನೆಸೋಟದಂಥ ಹಿಮದ ಸಂಸ್ಥಾನಗಳಲ್ಲಿ ದಪ್ಪನೆಯ ಜಿಡ್ಡು ಚಳಿಗೆ ಬಿಗಿಯುವುದರಿಂದ ತೆಳುವಾದುದನ್ನೇ, ಅದರಲ್ಲಿಯೂ ಕಡಮೆಯಾಗಿ, ಹಾಕುತ್ತಾರೆ. ಬಂದೂಕಿನ ಜಿಡ್ಡು ಅಲ್ಪವಿಷಯವಲ್ಲವೆಂಬುದು ನಮ್ಮ ದೇಶಕ್ಕೆ ಗೊತ್ತಿಲ್ಲದುದೇನಲ್ಲ. ೧೮೫೭ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿ ಏನೇನಕ್ಕೆ ಕಿಡಿಯಾಯಿತೆಂಬುದನ್ನು ಶಾಲೆಯ ಹುಡುಗರೂ ಬಲ್ಲರು.

ಇನ್ನು ವಾಯಿದೆ. ತಯಾರಕರ ಕೈಪಿಡಿಯ ಮಾತೇ ಮೊದಲನೆಯದೆಂದು ಒಪ್ಪಿ, ನಾನು ಶಿಷ್ಯನಿಗೆ ಬರೆದದ್ದು ಹೀಗೆ. ಈಡಿನ ಲೆಕ್ಕವನ್ನು ಬಿಡು, ಮೈಮೇಲಿದ್ದ ದಿನಗಳ ಲೆಕ್ಕ ಹಿಡಿ. ಪ್ರತಿದಿನವೂ ಧರಿಸುವವನು ತಿಂಗಳಿಗೊಮ್ಮೆ ಪಿಸ್ತೂಲನ್ನು ಉಪಕರಣವಿಲ್ಲದೆ ಬಿಚ್ಚಬಹುದಾದಷ್ಟು ಬಿಚ್ಚಿ, ಒಣಕುಂಚದಿಂದ ನವಿರನ್ನು ಹೊಡೆದು, ಹಳೆಯ ಎಣ್ಣೆಯನ್ನು ಪೂರ್ತಿ ಒರೆಸಿ, ಹೊಸ ಹನಿಗಳನ್ನು ಹಾಕಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಸೋಮಾರಿಯ ಕೆಲಸ. ವಾರಕ್ಕೊಮ್ಮೆ ಹೊರಮೈಯನ್ನು ಎಣ್ಣೆ ಸೋಕಿದ ಬಟ್ಟೆಯಿಂದ ಒರೆಸು. ಅಂಗಿ ತೊಯ್ಯುವಂತೆ ಬೆವತ ದಿನ, ಮಳೆಯಲ್ಲಿ ನೆಂದ ದಿನ, ವಾರವನ್ನು ಕಾಯಬೇಡ, ಆ ರಾತ್ರಿಯೇ ಒರೆಸು. ಈಡು ಹಾರಿಸಿದ ದಿನ, ಒಂದೇ ಹಾರಿಸಿದ್ದರೂ, ನಳಿಗೆಯನ್ನೂ ಗೂಡನ್ನೂ ತೊಡೆ. ಸೂಜಿಯ ಕೊಳವೆಯನ್ನು ವರ್ಷಕ್ಕೊಮ್ಮೆ ಬಲ್ಲವನಿಂದ ಬಿಚ್ಚಿಸು, ನೀನೇ ಕೈಹಾಕಬೇಡ. ಎರಡು ಮೂರು ತಿಂಗಳಿಗೊಮ್ಮೆ ಮೈದಾನಕ್ಕೆ ಹೋಗಿ ಹಾರಿಸಿ ನೋಡು, ಏಕೆಂದರೆ ಎಷ್ಟು ಚೆನ್ನಾಗಿ ತೊಡೆದರೂ ಪಿಸ್ತೂಲು ನಡೆಯುತ್ತದೆಂಬುದಕ್ಕೆ ಅದು ನಡೆದದ್ದೇ ಸಾಕ್ಷಿ. ಇದಕ್ಕಿಂತ ಹೆಚ್ಚಾಗಿ ದಿನಬೆಳಗಾದರೆ ಗಜ ಹಾಕಿ ತಿಕ್ಕುವುದರಿಂದ ಪ್ರಯೋಜನವಿಲ್ಲ. ಬಿಚ್ಚುವ ಪ್ರತಿಯೊಂದು ಸಲವೂ ಒಂದು ಅಪಾಯಕ್ಕೆ ಬಾಗಿಲು.

ಆ ಅಪಾಯವನ್ನು ನಿಧಾನವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ೫೦೦ ಜನ ಆಕಸ್ಮಿಕವಾದ ಗುಂಡೇಟಿನಿಂದ ಸಾಯುತ್ತಾರೆ. ಖಾಲಿಯೆಂದು ತಿಳಿದು ತೊಡೆಯಲು ಕುಳಿತ ಪಿಸ್ತೂಲು ಅದರ ಕಾರಣಗಳಲ್ಲೊಂದು. ತಪ್ಪು ನಡೆಯುವುದು ಕ್ರಮದಲ್ಲಿ. ತೋಟಾಗಳು ಎರಡು ಕಡೆ ಇರುತ್ತವೆ: ಹಿಡಿಯೊಳಗಿನ ಪೆಟ್ಟಿಗೆಯಲ್ಲಿ ಹಲವು, ನಳಿಗೆಯ ಬುಡದ ಗೂಡಿನಲ್ಲಿ ಒಂದು. ಮೊದಲು ಪೆಟ್ಟಿಗೆಯನ್ನು ಹೊರಕ್ಕೆ ತೆಗೆದು, ಅನಂತರ ಸ್ಲೈಡನ್ನು ಹಿಂದಕ್ಕೆಳೆದರೆ ಗೂಡಿನ ತೋಟಾ ಹೊರಕ್ಕೆ ಬಿದ್ದು ಪಿಸ್ತೂಲು ಬರಿದಾಗುತ್ತದೆ. ಕ್ರಮವನ್ನು ತಿರುಗುಮುರುಗು ಮಾಡಿ ಮೊದಲು ಸ್ಲೈಡನ್ನು ಎಳೆದರೆ, ಒಂದು ತೋಟಾ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ನೆಮ್ಮದಿಯಾಗುತ್ತದೆ. ಆದರೆ ಸ್ಲೈಡು ಮರಳಿ ಮುಂದಕ್ಕೆ ಬರುವಾಗ ಪೆಟ್ಟಿಗೆಯಿಂದ ಇನ್ನೊಂದನ್ನು ಗೂಡಿಗೆ ತಳ್ಳಿರುತ್ತದೆ. ಆಮೇಲೆ ಪೆಟ್ಟಿಗೆಯನ್ನು ತೆಗೆದರೂ ಆ ಒಂದು ಅಲ್ಲಿಯೇ ಇರುತ್ತದೆ. ಕೆಲವು ಪಿಸ್ತೂಲುಗಳನ್ನು ಬಿಚ್ಚುವುದಕ್ಕೆ ಮುಂಚೆ ಕುದುರೆಯನ್ನು ಎಳೆಯಲೇಬೇಕಾದ ರಚನೆ ಇರುವುದರಿಂದ ಮುಂದೆ ಏನಾಗುತ್ತದೆಂಬುದನ್ನು ತಾವೇ ಊಹಿಸಬಹುದು. ಆದಕಾರಣ ಪೆಟ್ಟಿಗೆ ಮೊದಲು, ಗೂಡು ಅನಂತರ. ಗೂಡನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಮತ್ತೊಮ್ಮೆ ನೋಡಬೇಕು. ನಳಿಗೆಯ ಬಾಯಿ ಗುಂಡು ತಡೆಯುವ ಕಡೆಗೇ ತಿರುಗಿರಬೇಕು. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆ ಎಣ್ಣೆಯ ಶೀಸೆಯ ಬಿರಡೆ ತೆಗೆಯಬೇಕು.

ಗೂಡಿನಿಂದ ತೆಗೆದ ಆ ಒಂಟಿ ತೋಟಾವನ್ನು ಪ್ರತಿ ಸಲವೂ ಮತ್ತೆ ಗೂಡಿಗೇ ಏರಿಸುವುದು ಸರಿಯಲ್ಲ. ಸ್ಲೈಡಿನ ಹೊಡೆತಕ್ಕೆ ತೋಟಾದ ಗುಂಡು ಪ್ರತಿ ಸಲವೂ ಎಳ್ಳಷ್ಟೆಳ್ಳಷ್ಟು ಒಳಕ್ಕೆ ಕುಸಿಯಬಹುದು. ಒಳಗಿನ ಜಾಗ ಕಿರಿದಾದಷ್ಟೂ ಮದ್ದು ಉರಿದಾಗಿನ ಒತ್ತಡ ಅಪಾಯಕರವಾಗಿ ಏರುತ್ತದೆ. ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಗಿಡ್ಡಾದುದು ತಿಳಿಯುತ್ತದೆ, ಗಿಡ್ಡಾದುದನ್ನು ಬೇರೆಯಿಡಬೇಕು. ಮೈಮೇಲಿದ್ದ ತೋಟಾಗಳನ್ನು ವರ್ಷಕ್ಕೊಮ್ಮೆಯಾದರೂ ಅಭ್ಯಾಸದಲ್ಲಿ ಹಾರಿಸಿ ಹೊಸವನ್ನು ತುಂಬುವುದು ಲೇಸು.

ತಿರುಗುವ ಉರುಳೆ ಇರುವ ರಿವಾಲ್ವರುಗಳಿಗೆ ನವಿರಿನ ಕಾಟ ಸ್ವಲ್ಪ ಕಡಮೆ. ಅವುಗಳ ದೌರ್ಬಲ್ಯ ಬೇರೊಂದು ಜಾಗದಲ್ಲಿದೆ. ಬರಿಗವಚಗಳನ್ನು ಹೊರದೂಡುವ ನಕ್ಷತ್ರಾಕಾರದ ತಗಡಿನ ಅಡಿಯಲ್ಲಿ ಉರಿಯದ ಮದ್ದಿನ ಒಂದು ಕಾಳು ಸಿಕ್ಕಿಕೊಂಡರೂ ಉರುಳೆ ತಿರುಗದೆ ನಿಲ್ಲಬಹುದು. ಆ ತಗಡನ್ನು ಎತ್ತಿ ಅಡಿಯನ್ನು ಕುಂಚದಿಂದ ಹೊಡೆಯಬೇಕು, ಅಲ್ಲಿ ಎಣ್ಣೆ ಹಾಕಬಾರದು.

ಸೀಸದ ಮಾತೊಂದು ಉಳಿದಿದೆ. ಗುಂಡಿನಲ್ಲಿಯೂ ಕೇಪಿನಲ್ಲಿಯೂ ಸೀಸವಿದೆ. ತೊಡೆದ ಬಟ್ಟೆಯ ಕಪ್ಪಿನಲ್ಲಿ ಅದು ಸೇರಿರುತ್ತದೆ. ಅಡಿಗೆಮನೆಯಲ್ಲಿ, ಊಟದ ಜಾಗದಲ್ಲಿ, ಮಕ್ಕಳು ತೆವಳುವ ಚಾಪೆಯ ಮೇಲೆ ಈ ಕೆಲಸವನ್ನು ಮಾಡಕೂಡದು. ಮಸಿಯನ್ನು ಕರಗಿಸುವ ದ್ರವಗಳು ಹೊತ್ತಿಕೊಳ್ಳುವಂಥವಾದ್ದರಿಂದ ಹತ್ತಿರ ಬೆಂಕಿಯೂ ಬೀಡಿ ಸಿಗರೇಟುಗಳೂ ಇರಬಾರದು, ಕಿಟಕಿಗಳು ತೆರೆದಿರಬೇಕು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವವರೆಗೆ ಬಾಯಿಗೆ ಎಲೆ ಅಡಕೆಯೂ ಹೋಗಬಾರದು. ಶಿಷ್ಯನಿಂದ ಮೊನ್ನೆ ಉತ್ತರ ಬಂತು. ಪ್ರತಿ ತಿಂಗಳ ಮೊದಲ ಭಾನುವಾರವೆಂದು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾನೆ. ಊಟದ ಮೇಜಿನ ಮೇಲೆ ಆಗದೆಂದು ಹೆಂಡತಿ ಖಂಡಿತವಾಗಿ ಹೇಳಿದ ಮೇಲೆ, ಕಾರು ನಿಲ್ಲಿಸುವ ಕೊಠಡಿಯಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಹಾಸಿಕೊಂಡು ಕೂರುತ್ತಾನಂತೆ. ಮೊದಲನೆಯ ತಿಂಗಳೇ ಕುದುರೆಯ ಹಿಂದೆ ಒಂದು ಚಿಟಿಕೆಯಷ್ಟು ನೀಲಿ ನವಿರು ಸಿಕ್ಕಿತೆಂದು ಬರೆದಿದ್ದಾನೆ.